ಪೈರಿನ ಹುಳುಗಳಿಗೆ ಹೆಸರು ನಿಶ್ಚಯಿಸುವ ಕ್ರಮ

(ರೂಪಲಕ್ಷಣ ಮತ್ತು ಅಣುಲಕ್ಷಣಗಳಿಂದ ಪ್ರಭೇದ ನಿರ್ಣಯ)

ಹೊಲದಲ್ಲಿ ಕಾಣಬರುವ ಹುಳುಗಳೆಲ್ಲವೂ ಬೇಸಾಯಗಾರನಿಗೆ ಶತ್ರುಗಳಲ್ಲ. ಶತ್ರುಗಳಾದವುಗಳಿಗೂ ಒಂದೇ ಔಷಧ ಸಲ್ಲುವುದಿಲ್ಲ. ಗ್ರಾಮದಲ್ಲಿ ಕಳವಾದಾಗ ಚಹರೆ ತಿಳಿಯದೆ ಯಾರನ್ನೋ ಹಿಡಿದರೆ ನಿರಪರಾಧಿಗೆ ಶಿಕ್ಷೆಯಾಗಿ ಕಳ್ಳನು ತಪ್ಪಿಸಿಕೊಳ್ಳುವನು. ಹುಳುಗಳ ವಿಷಯದಲ್ಲಿಯೂ ಇದೇ ನ್ಯಾಯ. ಹೆಸರು ತಪ್ಪಿದರೆ ಔಷಧ ತಪ್ಪುತ್ತದೆ; ಔಷಧ ತಪ್ಪಿದರೆ ಹಣವೂ ಫಸಲೂ ಎರಡೂ ಕೈಬಿಡುತ್ತವೆ. ಆದಕಾರಣ ಒಂದು ಹುಳುವಿಗೆ ಶಾಸ್ತ್ರೀಯವಾಗಿ ಹೆಸರು ಹೇಗೆ ನಿಶ್ಚಯವಾಗುತ್ತದೆ, ಇದುವರೆಗೆ ಯಾರಿಗೂ ತಿಳಿಯದ ಹುಳುವನ್ನು ಹೊಸತೆಂದು ಹೇಗೆ ಸ್ಥಾಪಿಸುತ್ತಾರೆ, ಈ ಕಾರ್ಯದಲ್ಲಿ ಜಮೀನುದಾರರ ಪಾಲು ಎಷ್ಟು ಎಂಬುದನ್ನು ಈ ಲೇಖನದಲ್ಲಿ ವಿವರಿಸಲಾಗಿದೆ.

1. ಹೆಸರಿನ ಸ್ವರೂಪ

ಒಂದೇ ಹುಳುವಿಗೆ ಒಂದು ಸೀಮೆಯಲ್ಲಿ ಒಂದು ಹೆಸರು, ಮತ್ತೊಂದು ಸೀಮೆಯಲ್ಲಿ ಬೇರೊಂದು ಹೆಸರು ರೂಢಿಯಲ್ಲಿರುವುದುಂಟು. "ಸುಳಿ ಹುಳು" ಎಂದರೆ ಒಬ್ಬರಿಗೆ ಕಬ್ಬಿನದು, ಒಬ್ಬರಿಗೆ ಜೋಳದ್ದು, ಇನ್ನೊಬ್ಬರಿಗೆ ಭತ್ತದ್ದು. ಈ ಗೊಂದಲವನ್ನು ನಿವಾರಿಸುವುದಕ್ಕಾಗಿ ಲೋಕದ ವಿದ್ವಾಂಸರೆಲ್ಲರೂ ಸ್ವೀಡನ್ ದೇಶದ ಲಿನೇಯಸನು ರೂಢಿಗೆ ತಂದ ಎರಡು ಮಾತಿನ ಹೆಸರನ್ನು ಒಪ್ಪಿಕೊಂಡಿದ್ದಾರೆ. ಪ್ರಾಣಿಗಳ ಹೆಸರುಗಳಿಗೆ 1758ನೆಯ ಇಸವಿಯನ್ನು ಆರಂಭವೆಂದು ಎಣಿಸುವುದು ನಿಯಮ. ಮೊದಲನೆಯ ಮಾತು ಕುಲವನ್ನು, ಅಂದರೆ ಮನೆತನವನ್ನು ತಿಳಿಸುತ್ತದೆ. ಎರಡನೆಯದು ಆ ಮನೆತನದಲ್ಲಿನ ಒಂದು ಪ್ರಭೇದವನ್ನು ತಿಳಿಸುತ್ತದೆ.

ನಮ್ಮ ನಾಡಿನ ಒಂದು ಉದಾಹರಣೆಯನ್ನು ನೋಡಬಹುದು. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಡಾಕ್ಟರ್ ಲೆಸ್ಲಿ ಕೋಲ್ಮನ್ ಅವರು ಪೈರುಗಳ ರೋಗಗಳನ್ನೂ ಕೀಟಗಳನ್ನೂ ಶಾಸ್ತ್ರೀಯವಾಗಿ ಪರೀಕ್ಷಿಸಲಾರಂಭಿಸಿದರು. ಬಯಲುಸೀಮೆಯ ಜೋಳವನ್ನು ತಿಂದು ಹಾಳುಮಾಡುತ್ತಿದ್ದ ರೆಕ್ಕೆಯಿಲ್ಲದ ಮಿಡತೆಗೆ ಸ್ಪೇನ್ ದೇಶದ ಬೊಲಿವಾರ್ ಎಂಬ ವಿದ್ವಾಂಸರು 1910ರಲ್ಲಿ "ಕೋಲ್ಮೇನಿಯ ಸ್ಫೆನಾರಿಯೋಯ್ಡಿಸ್" ಎಂದು ಹೆಸರಿಟ್ಟರು. ಹೀಗೆ ಮೈಸೂರಿನ ಅಧಿಕಾರಿಯ ಹೆಸರು ಜೋಳದ ಮಿಡತೆಯ ಕುಲನಾಮವಾಗಿ ಲೋಕದ ಗ್ರಂಥಗಳಲ್ಲಿ ನಿಂತಿತು. ಹೆಸರು ಖಚಿತವಾದ ಮೇಲೆ ಆ ಮಿಡತೆಯ ವಿಷಯವಾಗಿ ಎಲ್ಲಿ ಯಾರು ಬರೆದರೂ ಅದು ಇದೇ ಪ್ರಾಣಿಯೆಂದು ಎಲ್ಲರಿಗೂ ತಿಳಿಯುವಂತಾಯಿತು.

2. ರೂಪಲಕ್ಷಣದ ಪರೀಕ್ಷೆ

ಹುಳುವಿನ ಬಣ್ಣ, ಅಳತೆ, ಮೀಸೆಗಳ ಗಂಟುಗಳು, ರೆಕ್ಕೆಯ ನರಗಳು, ಕಾಲಿನ ಮುಳ್ಳುಗಳು, ಮೈಮೇಲಿನ ಕೂದಲುಗಳ ಸಂಖ್ಯೆ ಮತ್ತು ಸ್ಥಾನ, ಇವುಗಳಿಗೆ ರೂಪಲಕ್ಷಣಗಳೆಂದು ಹೆಸರು. ಬರಿಗಣ್ಣಿಗೆ ಒಂದೇ ಆಗಿ ಕಾಣುವ ಎರಡು ಹುಳುಗಳು ಸೂಕ್ಷ್ಮದರ್ಶಕ ಯಂತ್ರದ ಕೆಳಗೆ ಬೇರೆ ಬೇರೆಯಾಗಿ ತೋರುವುದುಂಟು. ಈ ಪರೀಕ್ಷೆಯ ಬೆಲೆಯನ್ನು ತಿಳಿಯಲು ಬೆಂಗಳೂರಿನಲ್ಲಿಯೇ ನಡೆದ ಒಂದು ಕಾರ್ಯಕ್ಕಿಂತ ಉತ್ತಮವಾದ ನಿದರ್ಶನ ಬೇಕಿಲ್ಲ.

ಟ್ರೈಕೋಗ್ರಾಮ ಎಂಬುದು ಒಂದು ಅತಿ ಸಣ್ಣ ಕಣಜ. ಅದರ ಮೈಯುದ್ದ ಸುಮಾರು ಅರ್ಧ ಮಿಲ್ಲಿಮೀಟರು. ಒಂದು ಸಾಸಿವೆ ಕಾಳಿನ ಮೇಲೆ ಹಲವು ಕಣಜಗಳು ಕುಳಿತಿರಬಹುದು. ಇದು ಪತಂಗಗಳ ಮೊಟ್ಟೆಯನ್ನು ಚುಚ್ಚಿ ತನ್ನ ಮೊಟ್ಟೆಯನ್ನು ಅದರೊಳಗಿಡುತ್ತದೆ. ಪತಂಗದ ಮೊಟ್ಟೆಯು ಕಪ್ಪಾಗಿ, ಅದರಿಂದ ಕಂಬಳಿಹುಳು ಬರುವುದಕ್ಕೆ ಬದಲಾಗಿ ಸುಮಾರು ಏಳರಿಂದ ಹತ್ತು ದಿವಸಗಳಲ್ಲಿ ಕಣಜವೇ ಹೊರಬರುತ್ತದೆ. ಅಂದರೆ ಶತ್ರುವು ಹುಟ್ಟುವ ಮೊದಲೇ ನಾಶವಾಗುತ್ತದೆ. ಈ ಕಣಜವನ್ನು ಅಕ್ಕಿ ಪತಂಗದ ಮೊಟ್ಟೆಗಳ ಮೇಲೆ ಸಾಕಿ, ಆ ಮೊಟ್ಟೆಗಳನ್ನು ಕಾಗದದ ಪಟ್ಟಿಗೆ ಅಂಟಿಸಿ ರೈತರಿಗೆ ಕೊಡುವ ಪದ್ಧತಿಯುಂಟು. ಇದನ್ನೇ ಟ್ರೈಕೋ ಕಾರ್ಡ್ ಎನ್ನುತ್ತಾರೆ. ಒಂದು ಕಾರ್ಡಿನಲ್ಲಿ ಸುಮಾರು 18,000ದಿಂದ 20,000 ಮೊಟ್ಟೆಗಳಿರುತ್ತವೆ.

ಈ ಕುಲವನ್ನು 1833ರಲ್ಲಿ ವೆಸ್ಟ್‌ವುಡ್ ಎಂಬ ಇಂಗ್ಲಿಷ್ ವಿದ್ವಾಂಸನು ಸ್ಥಾಪಿಸಿದನು. ಇದರಲ್ಲಿ ಈಗ ಇನ್ನೂರಕ್ಕಿಂತ ಹೆಚ್ಚು ಪ್ರಭೇದಗಳು ತಿಳಿದಿವೆ. ಆದರೆ ಅವುಗಳೆಲ್ಲವೂ ಸಣ್ಣವು, ಹಳದಿಯೋ ಕಂದೋ ಬಣ್ಣದವು. ಬಣ್ಣವಾದರೂ ಸ್ಥಿರವಲ್ಲ, ಹವೆಯ ಉಷ್ಣಕ್ಕೆ ತಕ್ಕಂತೆ ಅದು ತಿಳಿಯೂ ಕಪ್ಪೂ ಆಗುತ್ತದೆ. ಹೀಗಿರುವುದರಿಂದ ಬಹುಕಾಲದವರೆಗೆ ಭಾರತದ ಕಣಜಗಳನ್ನು ಅಮೆರಿಕದ "ಮೈನ್ಯೂಟಂ" ಎಂದೂ, ಯೂರೋಪಿನ "ಇವಾನೆಸೆನ್ಸ್" ಎಂದೂ, ಆಸ್ಟ್ರೇಲಿಯದ "ಆಸ್ಟ್ರಾಲಿಕಂ" ಎಂದೂ ಮನಬಂದಂತೆ ಕರೆಯುವ ರೂಢಿಯಿತ್ತು. ಕಾರ್ಡಿನಲ್ಲಿರುವುದು ಯಾವ ಕಣಜವೆಂದು ತಿಳಿಯದೆ ಹೊಲಕ್ಕೆ ಬಿಟ್ಟರೆ ಫಲವು ಅನಿಶ್ಚಿತ. ಏಕೆಂದರೆ ಒಂದು ಪ್ರಭೇದಕ್ಕೆ ಒಪ್ಪುವ ಪೈರೂ ಪತಂಗವೂ ಮತ್ತೊಂದಕ್ಕೆ ಒಪ್ಪುವುದಿಲ್ಲ. ಕಬ್ಬಿನ ಸುಳಿ ಕೊರೆಯುವ ಹುಳುವಿಗೆ ಟ್ರೈಕೋಗ್ರಾಮ ಕಿಲೋನಿಸ್ ಅನ್ನು ಬಿಡುತ್ತಾರೆ. ಭತ್ತದ ಕಾಂಡ ಕೊರೆಯುವ ಹುಳುವಿಗೆ ಟ್ರೈಕೋಗ್ರಾಮ ಜಪೋನಿಕಂ ಬೇಕು.

ಬೆಂಗಳೂರಿನಲ್ಲಿದ್ದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಶಾಖೆಯ ವಿದ್ವಾಂಸರಾದ ಸುಧಾ ನಾಗರಕಟ್ಟಿ ಮತ್ತು ಎಚ್. ನಾಗರಾಜ ಅವರು ಈ ಗೊಂದಲವನ್ನು ಬಗೆಹರಿಸಿದರು. ಅವರು ಮೊದಲು ಬೇರೆ ಬೇರೆ ಕಣಜಗಳನ್ನು ಒಂದಕ್ಕೊಂದು ಕೂಡಿಸಿ, ಸಂತಾನವಾಗುವುದೋ ಇಲ್ಲವೋ ಎಂದು ಪರೀಕ್ಷಿಸಿ, 1968ರಲ್ಲಿ ಅದರ ವಿವರವನ್ನು ಪ್ರಕಟಿಸಿದರು. ಅನಂತರ ಗಂಡು ಕಣಜದ ಜನನಾಂಗದ ರಚನೆಯು ಪ್ರತಿ ಪ್ರಭೇದದಲ್ಲಿಯೂ ಬೇರೆಯಾಗಿಯೂ ಸ್ಥಿರವಾಗಿಯೂ ಇರುತ್ತದೆಂದು 1971ರಲ್ಲಿ ತೋರಿಸಿಕೊಟ್ಟರು. ಬಣ್ಣವು ಮೋಸಮಾಡಬಹುದು, ಆದರೆ ಈ ಅಂಗವು ಮೋಸಮಾಡದು ಎಂಬುದು ಅದರ ಸಾರಾಂಶ. ಇದು ಈ ಕುಲದ ಪರೀಕ್ಷೆಗೆ ಲೋಕದಲ್ಲೆಲ್ಲಾ ಆಧಾರವಾಯಿತು.

ಈ ಇಬ್ಬರು ವಿದ್ವಾಂಸರೇ 1970ರಲ್ಲಿ "ಟ್ರೈಕೋಗ್ರಾಮ ಅಕೀಯೇ" ಎಂಬ ಹೊಸ ಪ್ರಭೇದವನ್ನು ವರ್ಣಿಸಿದರು. ಹರಳು ಗಿಡದ ಎಲೆಯನ್ನು ತಿನ್ನುವ ಕೊಂಡಲಿ ಹುಳುವಿನ ಪತಂಗಕ್ಕೆ ಅಕೀಯ ಎಂಬ ಕುಲನಾಮವಿದೆ. ಅದರಿಂದಲೇ ಕಣಜದ ಹೆಸರು ಬಂದಿತು. ನಮ್ಮ ನಾಡಿನ ಹರಳಿನ ಹುಳುವಿನಿಂದ ಹೆಸರು ಪಡೆದ ಈ ಕಣಜವನ್ನು ಮುಂದೆ ಸ್ಪೇನ್ ದೇಶದ ಬೇಸಾಯಗಾರರು ಟೊಮೇಟೊವಿನ ಊಜಿಗೆ, ಅಂದರೆ ಟ್ಯೂಟಾ ಅಬ್ಸೊಲ್ಯೂಟ ಎಂಬ ಪತಂಗದ ಮೊಟ್ಟೆಗಳಿಗೆ ಉಪಯೋಗಿಸಿದರು. ಹೆಸರೂ ವರ್ಣನೆಯೂ ಸರಿಯಾಗಿದ್ದರೆ ಒಂದು ದೇಶದ ಜ್ಞಾನವು ಮತ್ತೊಂದು ದೇಶದ ಹೊಲಕ್ಕೆ ಹೇಗೆ ಮುಟ್ಟುತ್ತದೆ ಎಂಬುದಕ್ಕೆ ಇದು ಸಾಕ್ಷಿ.

3. ಹೆಸರಿನ ಹಕ್ಕು

ಒಂದೇ ಹುಳುವಿಗೆ ಇಬ್ಬರು ವಿದ್ವಾಂಸರು ಬೇರೆ ಬೇರೆ ಹೆಸರಿಟ್ಟರೆ ಯಾವುದು ನಿಲ್ಲತಕ್ಕದ್ದು? ಜಮೀನಿನ ವ್ಯವಹಾರದಲ್ಲಿ ಮೊದಲು ಬರೆದುಕೊಟ್ಟ ನೋಂದಾಯಿತ ಪತ್ರಕ್ಕೆ ಮೊದಲ ಹಕ್ಕು. ಹಾಗೆಯೇ ಮೊದಲು ಪ್ರಕಟವಾದ ಹೆಸರೇ ಇಲ್ಲಿ ನಿಲ್ಲುತ್ತದೆ. ಜಪಾನಿನ ಇಷೀ ಎಂಬವರು 1941ರಲ್ಲಿ ಒಂದು ಕಣಜಕ್ಕೆ ಕಿಲೋನಿಸ್ ಎಂದು ಹೆಸರಿಟ್ಟಿದ್ದರು. ಭಾರತದಲ್ಲಿ ತಪ್ಪಾಗಿ ಆಸ್ಟ್ರಾಲಿಕಂ ಎನ್ನಿಸಿಕೊಳ್ಳುತ್ತಿದ್ದ ಕಣಜಕ್ಕೆ ಇಟಲಿಯ ವಿಜಿಯಾನಿ ಎಂಬವರು 1976ರಲ್ಲಿ "ಕನ್‌ಫ್ಯೂಸಂ" ಎಂಬ ಹೊಸ ಹೆಸರನ್ನು ಕೊಟ್ಟರು. ಗೊಂದಲಕ್ಕೆ ಒಳಗಾದದ್ದು ಎಂದೇ ಅದರ ಅರ್ಥ. ಈ ಎರಡೂ ಒಂದೇ ಪ್ರಭೇದವೆಂದು 1979ರಲ್ಲಿ ಬೆಂಗಳೂರಿನ ಅದೇ ವಿದ್ವಾಂಸರು ತೋರಿಸಲು, ಹಳೆಯದಾದ ಕಿಲೋನಿಸ್ ಎಂಬ ಹೆಸರೇ ಉಳಿಯಿತು. ಹಳೆಯ ಪುಸ್ತಕಗಳಲ್ಲಿ ಬೇರೆ ಹೆಸರನ್ನು ಕಂಡವರು ಇದನ್ನು ನೆನಪಿನಲ್ಲಿಡತಕ್ಕದ್ದು.

4. ರೂಪಲಕ್ಷಣಕ್ಕೆ ನಿಲುಕದ ಸಂದರ್ಭಗಳು

ಗಂಡು ಕಣಜದ ಅಂಗದಿಂದ ನಿರ್ಣಯವಾಗುವುದಾದರೆ, ಗಂಡೇ ಇಲ್ಲದ ಪಕ್ಷದಲ್ಲಿ ಗತಿಯೇನು? ಟ್ರೈಕೋಗ್ರಾಮದ ಕೆಲವು ವಂಶಗಳಲ್ಲಿ ಹೆಣ್ಣುಗಳೇ ಹೆಣ್ಣುಗಳನ್ನು ಹಡೆಯುತ್ತವೆ. ಅವುಗಳ ದೇಹದಲ್ಲಿ ವಾಸಿಸುವ ವೊಲ್ಬಾಕಿಯ ಎಂಬ ಸೂಕ್ಷ್ಮಾಣುವೇ ಇದಕ್ಕೆ ಕಾರಣವೆಂದು ತಿಳಿದುಬಂದಿದೆ. ಇಂತಹ ವಂಶಗಳನ್ನು ರೂಪಲಕ್ಷಣದಿಂದ ಮಾತ್ರ ಗುರುತಿಸುವುದು ಬಹಳ ಕಷ್ಟ.

ಎರಡನೆಯ ತೊಡಕು ಬಿಳಿನೊಣದ್ದು. ಬೆಮಿಸಿಯ ಟಬಾಸಿ ಎಂಬ ಈ ಕೀಟವನ್ನು 1889ರಲ್ಲಿ ಗ್ರೀಸ್ ದೇಶದ ಹೊಗೆಸೊಪ್ಪಿನ ಗಿಡದಿಂದ ವರ್ಣಿಸಿದರು. ಇದರ ಮರಿಯ ಕೂದಲುಗಳು ಆಶ್ರಯ ಕೊಟ್ಟ ಎಲೆಗೆ ತಕ್ಕಂತೆ ಮಾರ್ಪಡುತ್ತವೆ. ಸುಂಕುಳ್ಳ ಎಲೆಯ ಮೇಲೆ ಒಂದು ರೂಪ, ನುಣುಪಾದ ಎಲೆಯ ಮೇಲೆ ಇನ್ನೊಂದು ರೂಪ. ಇದರಿಂದ ಮೋಸಹೋದ ಹಿಂದಿನ ವಿದ್ವಾಂಸರು ಒಂದೇ ಹುಳುವಿಗೆ ಅನೇಕ ಹೆಸರುಗಳನ್ನಿಟ್ಟಿದ್ದರು. ಮುಂದೆ ಅವೆಲ್ಲವನ್ನೂ ಟಬಾಸಿಯಲ್ಲಿಯೇ ಸೇರಿಸಿದರು. ಆದರೆ ವಿಷಯವು ಅಷ್ಟಕ್ಕೇ ಮುಗಿಯಲಿಲ್ಲ. ರೂಪದಲ್ಲಿ ಎಳ್ಳಷ್ಟೂ ಭೇದವಿಲ್ಲದ, ಒಂದರೊಡನೊಂದು ಕೂಡದ ಅನೇಕ ಪ್ರಭೇದಗಳು ಈ ಒಂದು ಹೆಸರಿನಲ್ಲಿ ಅಡಗಿವೆಯೆಂದು ಅಣುಲಕ್ಷಣ ಪರೀಕ್ಷೆಯಿಂದ ಹೊರಬಿದ್ದಿತು. ಅವು ಕನಿಷ್ಠ 24 ಎಂದು 2011ರಲ್ಲಿ ಎಣಿಕೆ ಮಾಡಲಾಯಿತು.

ಇದು ಪಂಡಿತರ ಚರ್ಚೆ ಮಾತ್ರವೆಂದು ಯಾರೂ ಭಾವಿಸಬಾರದು. 1999ರಲ್ಲಿ ಕೋಲಾರ ಜಿಲ್ಲೆಯ ಟೊಮೇಟೊ ತೋಟಗಳಲ್ಲಿ ಎಲೆ ಮುಟುರು ರೋಗವು ಉಗ್ರವಾಗಿ ಹರಡಿತು. ಈ ರೋಗದ ವೈರಸ್ಸನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಬಿಳಿನೊಣವೇ. ನೋಡುವುದಕ್ಕೆ ಅದು ಹಿಂದಿನಿಂದಲೂ ಇದ್ದ ಬಿಳಿನೊಣವೇ ಆಗಿದ್ದಿತು. ಅಣುಲಕ್ಷಣವನ್ನು ಪರೀಕ್ಷಿಸಲಾಗಿ, ಹೊರದೇಶಗಳಲ್ಲಿ ಹಾವಳಿ ಮಾಡಿದ್ದ "ಬಿ" ಬಗೆಯ ಬಿಳಿನೊಣವು ಭಾರತವನ್ನು ಪ್ರವೇಶಿಸಿದೆಯೆಂದು ಮೊದಲ ಬಾರಿಗೆ ಕೋಲಾರದಿಂದಲೇ ತಿಳಿಯಿತು. ಈ ವರದಿಯು 2001ರಲ್ಲಿ ಪ್ರಕಟವಾಯಿತು. ಊರಿನ ಹುಳುವೆಂದು ಎಣಿಸಿದ್ದುದು ಪರದೇಶದಿಂದ ಬಂದುದಾಗಿತ್ತು; ಕಣ್ಣಿಗೆ ಮಾತ್ರ ಅದು ಗೊತ್ತಾಗುವಂತಿರಲಿಲ್ಲ.

5. ಅಣುಲಕ್ಷಣವೆಂದರೇನು

ಪ್ರತಿಯೊಂದು ಜೀವಿಯ ಪ್ರತಿಯೊಂದು ಕೋಶದಲ್ಲಿಯೂ ಡಿ.ಎನ್.ಎ. ಎಂಬ ನೂಲಿನಂತಹ ವಸ್ತುವಿದೆ. ತಂದೆತಾಯಿಗಳ ಗುಣವು ಮಕ್ಕಳಿಗೆ ಇಳಿಯುವುದು ಇದರ ಮೂಲಕ. ಇದರಲ್ಲಿ ಅಡೆನಿನ್, ಥೈಮಿನ್, ಗ್ವಾನಿನ್, ಸೈಟೊಸಿನ್ ಎಂಬ ನಾಲ್ಕೇ ಅಕ್ಷರಗಳು ಬೇರೆ ಬೇರೆ ಕ್ರಮದಲ್ಲಿ ಸಾಲಾಗಿ ಬರೆದಂತಿರುತ್ತವೆ. ಒಂದೇ ಪ್ರಭೇದದ ಹುಳುಗಳಲ್ಲಿ ಈ ಬರಹವು ಬಹುಮಟ್ಟಿಗೆ ಒಂದೇ ಆಗಿರುತ್ತದೆ. ಪ್ರಭೇದಗಳು ಒಂದರಿಂದೊಂದು ಅಗಲಿ ಕಾಲ ಕಳೆದಂತೆಲ್ಲಾ ಅಕ್ಷರಗಳ ವ್ಯತ್ಯಾಸವೂ ಹೆಚ್ಚುತ್ತದೆ.

ಹುಳುವಿನ ಒಂದು ಕಾಲಿನ ತುಂಡಿನಿಂದಲೂ ಈ ವಸ್ತುವನ್ನು ತೆಗೆಯಬಹುದು. ಅದರೊಳಗಿನ ಒಂದು ಗೊತ್ತಾದ ಭಾಗವನ್ನು ಪಿ.ಸಿ.ಆರ್. ಎಂಬ ಯಂತ್ರದಿಂದ ಲಕ್ಷಾಂತರ ಪ್ರತಿಗಳಾಗಿ ಹೆಚ್ಚಿಸಿ ಅಕ್ಷರಗಳನ್ನು ಓದುತ್ತಾರೆ. 2003ರಲ್ಲಿ ಕೆನಡ ದೇಶದ ಪಾಲ್ ಹೆಬರ್ಟ್ ಮತ್ತು ಅವರ ಸಂಗಡಿಗರು ಮೈಟೊಕಾಂಡ್ರಿಯದ ಸಿ.ಓ.ಐ. ಎಂಬ ಭಾಗದ ಸುಮಾರು 650 ಅಕ್ಷರಗಳನ್ನು ಪ್ರಾಣಿಗಳ ಗುರುತಿಗೆ ಉಪಯೋಗಿಸಬಹುದೆಂದು ಸೂಚಿಸಿದರು. ಇದನ್ನು ಡಿ.ಎನ್.ಎ. ಬಾರ್‌ಕೋಡ್ ಎನ್ನುತ್ತಾರೆ. ಇದರ ದೊಡ್ಡ ಅನುಕೂಲವೇನೆಂದರೆ, ಮೊಟ್ಟೆ, ಮರಿ, ಕೋಶ, ಹೆಣ್ಣು, ಗಂಡು ಯಾವುದಾದರೂ ಆಗಬಹುದು. ಮುರಿದ ರೆಕ್ಕೆಯ ಹುಳುವೂ ಆಗಬಹುದು.

ಆದರೆ ಅಣುಲಕ್ಷಣವೊಂದನ್ನೇ ನಂಬುವುದೂ ಸರಿಯಲ್ಲ. ಸಿ.ಓ.ಐ. ಭಾಗವು ತಾಯಿಯಿಂದ ಮಾತ್ರ ಇಳಿದುಬರುತ್ತದೆ. ವೊಲ್ಬಾಕಿಯವೂ ತಾಯಿಯಿಂದಲೇ ಬರುತ್ತದೆ. ಈ ಸೂಕ್ಷ್ಮಾಣು ಒಂದು ವಂಶದಲ್ಲಿ ಹಬ್ಬಿದಾಗ ಅದರ ಜೊತೆಯಲ್ಲಿ ಒಂದೇ ಬಗೆಯ ಸಿ.ಓ.ಐ. ಬರಹವೂ ಹಬ್ಬಿ, ಬೇರೆಯಾದವುಗಳನ್ನು ಒಂದೆಂದೂ ಒಂದಾದವುಗಳನ್ನು ಬೇರೆಯೆಂದೂ ತೋರಿಸುವ ಅಪಾಯವುಂಟು. ಆದಕಾರಣ ಟ್ರೈಕೋಗ್ರಾಮದಂತಹ ಕೀಟಗಳಲ್ಲಿ ತಂದೆತಾಯಿಗಳಿಬ್ಬರಿಂದಲೂ ಬರುವ ಐ.ಟಿ.ಎಸ್.-2 ಎಂಬ ಭಾಗವನ್ನು ವಿಶೇಷವಾಗಿ ಓದುತ್ತಾರೆ. ಇದಲ್ಲದೆ, ಬಾರ್‌ಕೋಡನ್ನು ಹೋಲಿಸುವುದಕ್ಕೆ ಹೆಸರು ಸರಿಯಾಗಿ ಗೊತ್ತಿರುವ ಹುಳುವಿನ ಬರಹವು ಮೊದಲೇ ಇರಬೇಕು. ಆ ಹೆಸರನ್ನು ಕೊಡತಕ್ಕವನು ರೂಪಲಕ್ಷಣ ಬಲ್ಲ ವಿದ್ವಾಂಸನೇ. ಒಂದು ವ್ಯಾಜ್ಯದಲ್ಲಿ ದಸ್ತಾವೇಜೂ ಬೇಕು, ಸ್ಥಳದ ಮಹಜರೂ ಬೇಕು. ಎರಡೂ ಹೊಂದಿಕೊಂಡರೆ ತೀರ್ಪು ಗಟ್ಟಿ. ಹುಳುವಿನ ನಿರ್ಣಯದಲ್ಲಿಯೂ ಎರಡು ಸಾಕ್ಷ್ಯಗಳೂ ಒಂದನ್ನೊಂದು ಸಮರ್ಥಿಸಬೇಕು.

6. ಹೊಸ ಪ್ರಭೇದವನ್ನು ಸ್ಥಾಪಿಸುವ ಕ್ರಮ

ಹೊಸತೆಂದು ಅನುಮಾನ ಬಂದ ಹುಳುವಿನ ವಿಷಯದಲ್ಲಿ ನಡೆಯುವ ಕಾರ್ಯಗಳು ಹೀಗಿವೆ:

(ಅ) ಒಂದೇ ಹುಳುವನ್ನು ನಂಬದೆ, ಸಾಧ್ಯವಾದರೆ ಗಂಡು ಹೆಣ್ಣುಗಳೆರಡನ್ನೂ, ಅನೇಕ ಸ್ಥಳಗಳಿಂದ ಸಂಗ್ರಹಿಸುವುದು.

(ಆ) ಆ ಕುಲದಲ್ಲಿ ಇದುವರೆಗೆ ವರ್ಣಿತವಾದ ಪ್ರಭೇದಗಳೆಲ್ಲದರೊಡನೆಯೂ ಹೋಲಿಸಿ, ಯಾವುದಕ್ಕೂ ಸೇರದೆಂದು ಖಚಿತಪಡಿಸಿಕೊಳ್ಳುವುದು.

(ಇ) ಅಣುಲಕ್ಷಣವನ್ನು ಓದಿ, ಹತ್ತಿರದ ಪ್ರಭೇದಗಳಿಂದ ಎಷ್ಟು ದೂರವಿದೆಯೆಂದು ಗೊತ್ತುಮಾಡುವುದು.

(ಈ) ಒಂದು ಹುಳುವನ್ನು "ಮೂಲ ಮಾದರಿ"ಯಾಗಿ ಆರಿಸಿ, ಅದನ್ನು ಎಲ್ಲಿ, ಯಾವ ದಿವಸ, ಯಾವ ಗಿಡದ ಮೇಲೆ ಹಿಡಿಯಲಾಯಿತೆಂದು ಬರೆದು ವಸ್ತುಸಂಗ್ರಹಾಲಯದಲ್ಲಿ ಇಡುವುದು. ಹೊಲದ ಮೂಲೆಯಲ್ಲಿ ನೆಟ್ಟ ಸರ್ವೆ ಕಲ್ಲಿನಂತೆ ಇದು. ಮುಂದೆ ವಿವಾದ ಬಂದರೆ ಎಲ್ಲರೂ ಇದನ್ನೇ ನೋಡತಕ್ಕದ್ದು. 2000ನೆಯ ಇಸವಿಯಿಂದ ಈಚೆಗೆ ಮೂಲ ಮಾದರಿಯನ್ನು ಸ್ಪಷ್ಟವಾಗಿ ಗೊತ್ತುಮಾಡದಿದ್ದರೆ ಹೊಸ ಪ್ರಭೇದದ ಹೆಸರೇ ಸಿಂಧುವಾಗುವುದಿಲ್ಲ.

(ಉ) ಚಿತ್ರಗಳೊಡನೆ ವರ್ಣನೆಯನ್ನು ಬರೆದು ಪ್ರಕಟಿಸುವುದು. ಕ್ರಯಪತ್ರದಲ್ಲಿ ಚೆಕ್ಕುಬಂದಿ ಬರೆದಂತೆ, ಹತ್ತಿರದ ಪ್ರಭೇದಗಳಿಂದ ಇದು ಯಾವ ಯಾವ ಲಕ್ಷಣದಲ್ಲಿ ಬೇರೆಯೆಂದು ಅಲ್ಲಿ ಹೇಳಿರಬೇಕು.

ಹೊಸದಾಗಿ ಕಂಡುಹಿಡಿದ ಜೀವಿಯ ಮಾದರಿಯನ್ನು ಸರ್ಕಾರವು ಗೊತ್ತುಮಾಡಿದ ಸಂಸ್ಥೆಗೆ ಒಪ್ಪಿಸತಕ್ಕದ್ದೆಂದು 2002ರ ಜೀವವೈವಿಧ್ಯ ಕಾಯಿದೆಯ 39ನೆಯ ಪ್ರಕರಣವು ವಿಧಿಸಿದೆ. ಪೈರಿಗೆ ಸಂಬಂಧಪಟ್ಟ ಕೀಟಗಳ ಕಾರ್ಯಕ್ಕಾಗಿ ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ಇದೆ. 1993ರಲ್ಲಿ ಜೈವಿಕ ನಿಯಂತ್ರಣ ನಿರ್ದೇಶನಾಲಯವಾಗಿ ಆರಂಭವಾದ ಈ ಸಂಸ್ಥೆಯು 2014ರಿಂದ ಈಗಿನ ಹೆಸರಿನಲ್ಲಿ ನಡೆಯುತ್ತಿದೆ.

7. ಬೇಗ ಗುರುತಿಸಿದುದರ ಫಲ

2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ ಸುಳಿಯನ್ನು ತಿನ್ನುವ ಒಂದು ಹುಳು ಕಾಣಿಸಿತು. ಲದ್ದಿ ಹುಳುವೆಂದು ರೈತರು ಕರೆದ ಇದನ್ನು ಹಳೆಯ ಸೈನಿಕ ಹುಳುವೆಂದು ಬಿಟ್ಟುಬಿಡುವುದು ಸುಲಭವಾಗಿತ್ತು. ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾನಿಲಯದ ವಿದ್ವಾಂಸರು ಅದರ ತಲೆಯ ಮೇಲೆ ಬುಡಮೇಲಾದ ಇಂಗ್ಲಿಷಿನ "ವೈ" ಅಕ್ಷರದಂತಹ ಬಿಳಿಯ ಗುರುತನ್ನೂ, ಬಾಲದ ಸಮೀಪದ ಖಂಡದ ಮೇಲೆ ಚೌಕವಾಗಿ ನಿಂತ ನಾಲ್ಕು ಕಪ್ಪು ಚುಕ್ಕೆಗಳನ್ನೂ ಗಮನಿಸಿ, ಪತಂಗವನ್ನೂ ಪರೀಕ್ಷಿಸಿ, ಅಣುಲಕ್ಷಣವನ್ನೂ ಓದಿ, ಇದು ಅಮೆರಿಕದ ಸ್ಪೊಡಾಪ್ಟೆರ ಫ್ರುಜಿಪೆರ್ಡ ಎಂದು ನಿರ್ಣಯಿಸಿದರು. 2016ರಲ್ಲಿ ಆಫ್ರಿಕ ಖಂಡವನ್ನು ಹೊಕ್ಕಿದ್ದ ಈ ಹುಳುವು ಭಾರತದಲ್ಲಿ ಕಂಡುದು ಅದೇ ಮೊದಲು. ಹುಳುವು ಬೇಗ ದೇಶದಲ್ಲೆಲ್ಲಾ ಹರಡಿತಾದರೂ, ಹೆಸರು ಮೊದಲೇ ಗೊತ್ತಾದುದರಿಂದ ಆಫ್ರಿಕ ಮತ್ತು ಅಮೆರಿಕಗಳ ಅನುಭವವೆಲ್ಲವೂ ನಮ್ಮ ರೈತರಿಗೆ ಒಡನೆಯೇ ದೊರೆಯಿತು. ಮರಿಗಳು ಚಿಕ್ಕವಾಗಿರುವಾಗಲೇ ಸುಳಿಗೆ ಔಷಧ ಮುಟ್ಟಿಸಬೇಕೆಂಬುದೂ, ಮೊಟ್ಟೆಗಳ ಮೇಲೆ ಟ್ರೈಕೋಗ್ರಾಮ ಪ್ರಿಟಿಯೋಸಂ ಕಣಜವನ್ನು ಬಿಡಬಹುದೆಂಬುದೂ ತಿಳಿಯಿತು.

ನಗರದ ಹಿತ್ತಿಲುಗಳನ್ನೂ ಅಲಕ್ಷ್ಯಮಾಡಬಾರದು. ಥ್ರಿಪ್ಸ್ ಪಾರ್ವಿಸ್ಪೈನಸ್ ಎಂಬ ಪರದೇಶದ ನುಸಿಯು ಭಾರತದಲ್ಲಿರುವುದು ಬೆಂಗಳೂರಿನ ಪರಂಗಿ ಗಿಡದಿಂದ ಗೊತ್ತಾಗಿ, ರೂಪಲಕ್ಷಣ ಮತ್ತು ಬಾರ್‌ಕೋಡ್ ಎರಡರ ಆಧಾರದಿಂದಲೂ 2015ರಲ್ಲಿ ಪ್ರಕಟವಾಯಿತು. ಆರು ವರ್ಷಗಳ ಮೇಲೆ, 2021ರಲ್ಲಿ, ಅದೇ ನುಸಿಯು ಆಂಧ್ರ, ತೆಲಂಗಾಣ ಮತ್ತು ಕರ್ನಾಟಕದ ಮೆಣಸಿನಕಾಯಿ ಹೊಲಗಳ ಹೂವುಗಳಲ್ಲಿ ತುಂಬಿ ಬಹಳ ನಷ್ಟವನ್ನುಂಟುಮಾಡಿತು. ಕುಮಾರಸ್ವಾಮಿ ಲೇಔಟ್, ಬನಶಂಕರಿ ಮೊದಲಾದ ಬಡಾವಣೆಗಳ ಮನೆಯಂಗಳದ ಪರಂಗಿ ಗಿಡವೂ ಹೀಗೆ ದೂರದ ಹೊಲಕ್ಕೆ ಮುನ್ಸೂಚನೆ ಕೊಡಬಲ್ಲದು.

8. ಗ್ರಾಮದ ಮುಖಂಡರೂ ಜಮೀನುದಾರರೂ ಮಾಡತಕ್ಕ ಕಾರ್ಯ

1. ಹಿಂದೆ ಕಾಣದ ಹುಳುವಾಗಲಿ, ಹಳೆಯ ಹುಳುವೇ ಅಸಾಧಾರಣವಾಗಿ ಹೆಚ್ಚಿದ್ದಾಗಲಿ ಕಂಡುಬಂದರೆ, ಔಷಧ ಹೊಡೆಯುವುದಕ್ಕೆ ಮೊದಲೇ ಕೆಲವು ಹುಳುಗಳನ್ನು ಹಿಡಿದಿಡತಕ್ಕದ್ದು.

2. ಕಂಬಳಿಹುಳುಗಳಾದರೆ ಕೆಲವನ್ನು ಅದೇ ಗಿಡದ ಎಲೆಯೊಡನೆ, ಗಾಳಿಯಾಡುವ ಡಬ್ಬಿಯಲ್ಲಿ ಜೀವಂತವಾಗಿಯೇ ಕಳುಹಿಸಬೇಕು. ಪತಂಗವಾದ ಮೇಲೆ ನಿರ್ಣಯವು ಸುಲಭ. ಬೇರೆ ಬೇರೆ ಗಿಡದ ಹುಳುಗಳನ್ನು ಒಂದೇ ಡಬ್ಬಿಯಲ್ಲಿ ಕಲೆಸಬಾರದು.

3. ಸಣ್ಣ ಹುಳುಗಳನ್ನು ಆಲ್ಕೊಹಾಲಿನಲ್ಲಿ ಹಾಕಿಡಬೇಕು. ಅಣುಲಕ್ಷಣ ಪರೀಕ್ಷೆಗೆ ನೂರಕ್ಕೆ 95 ಭಾಗಕ್ಕೆ ಕಡಮೆಯಿಲ್ಲದ ಆಲ್ಕೊಹಾಲ್ ಉತ್ತಮ. ಫಾರ್ಮಲಿನ್ ಎಂದಿಗೂ ಕೂಡದು, ಅದು ಡಿ.ಎನ್.ಎ.ಯನ್ನು ಕೆಡಿಸುತ್ತದೆ. ಶೀಶೆಯನ್ನು ಬಿಸಿಲಿಗಿಡದೆ ತಂಪಾದ ಸ್ಥಳದಲ್ಲಿಡಬೇಕು.

4. ಊರು, ಹೋಬಳಿ, ತಾಲ್ಲೂಕು, ತಾರೀಖು, ಪೈರು, ಹಿಡಿದವರ ಹೆಸರು, ಇಷ್ಟನ್ನೂ ಒಂದು ಚೀಟಿಯಲ್ಲಿ ಸೀಸದ ಕಡ್ಡಿಯಿಂದ ಬರೆದು ಶೀಶೆಯೊಳಗೇ ಹಾಕತಕ್ಕದ್ದು. ಮಸಿಯು ಆಲ್ಕೊಹಾಲಿನಲ್ಲಿ ಕರಗಿಹೋಗುತ್ತದೆ. ಚೀಟಿಯಿಲ್ಲದ ಹುಳುವು ವಿಳಾಸವಿಲ್ಲದ ಕಾಗದದಂತೆ ನಿಷ್ಪ್ರಯೋಜಕ.

5. ಮಾದರಿಯನ್ನು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕಾಗಲಿ ಜಿಲ್ಲೆಯ ಕೃಷಿ ವಿಜ್ಞಾನ ಕೇಂದ್ರಕ್ಕಾಗಲಿ ತಡಮಾಡದೆ ಒಪ್ಪಿಸತಕ್ಕದ್ದು.

6. ಟ್ರೈಕೋ ಕಾರ್ಡನ್ನು ಕೊಳ್ಳುವಾಗ ಅದರಲ್ಲಿರುವ ಕಣಜದ ಪ್ರಭೇದದ ಹೆಸರನ್ನೂ, ಕಣಜ ಹೊರಬರುವ ತಾರೀಖನ್ನೂ ಕೇಳಿ ತಿಳಿದುಕೊಳ್ಳಬೇಕು. ಕಾರ್ಡನ್ನು ಕಟ್ಟಿದ ಹೊಲಕ್ಕೆ ಆ ದಿವಸಗಳಲ್ಲಿ ಕೀಟನಾಶಕವನ್ನು ಹೊಡೆಯಬಾರದು. ಹೊಡೆದರೆ ಶತ್ರುವಿಗಿಂತ ಮೊದಲು ಮಿತ್ರನೇ ಸಾಯುವನು.

ಬಿತ್ತನೆಯ ಬೀಜವನ್ನು ಕೊಳ್ಳುವಾಗ ತಳಿಯ ಹೆಸರನ್ನು ಕೇಳದ ರೈತನಿಲ್ಲ. ಹುಳುವಿನ ಹೆಸರನ್ನೂ ಅಷ್ಟೇ ಎಚ್ಚರದಿಂದ ಕೇಳುವ ರೂಢಿಯು ಗ್ರಾಮಗಳಲ್ಲಿ ಬೆಳೆಯಬೇಕು. ಯಂತ್ರಗಳೂ ವಿದ್ವಾಂಸರೂ ಪಟ್ಟಣದಲ್ಲಿರಬಹುದು. ಆದರೆ ಹೊಸ ಹುಳುವನ್ನು ಮೊದಲು ಕಾಣತಕ್ಕವನು ಬೆಳಗಿನಲ್ಲಿ ಹೊಲದ ಬದುವಿನ ಮೇಲೆ ನಡೆಯುವ ಬೇಸಾಯಗಾರನೇ. ಅವನು ಕಂಡುದನ್ನು ಕಾಲದಲ್ಲಿ ತಿಳಿಸಿದರೆ ಒಂದು ಊರಿನ ಎಚ್ಚರಿಕೆಯಿಂದ ಒಂದು ಜಿಲ್ಲೆಯ ಫಸಲು ಉಳಿಯುತ್ತದೆ.